ಚೀಲಕ್ಕೊಂದು ಅಂಗಿ

ನನ್ನಂಥ ಸಂಶೋಧನಾ ವಿದ್ಯಾರ್ಥಿಗಳ ಕೋಣೆಯಲ್ಲಿ ಪುಸ್ತಕಗಳಿಗಿಂತ ಹೆಚ್ಚು ಇರುವುದು ಚೀಲಗಳು. ವಿಚಾರ ಸಂಕಿರಣಕ್ಕೆ ಹೋದರೆ ಒಂದು ಚೀಲ, ಕಾರ್ಯಾಗಾರಕ್ಕೆ ಹೋದರೆ ಇನ್ನೊಂದು. ಪ್ರಬಂಧ ಮಂಡಿಸಿದವರಿಗೂ ಅದೇ, ಊಟದ ಹೊತ್ತಿಗೆ ಸರಿಯಾಗಿ ಬಂದವರಿಗೂ ಅದೇ. ಸಂಕಿರಣದ ಹೆಸರು, ದಿನಾಂಕ ಎಲ್ಲ ದೊಡ್ಡದಾಗಿ ಅಚ್ಚಾಗಿರುವುದರಿಂದ ಅದನ್ನು ಹೆಗಲಿಗೇರಿಸಿ ಹೊರಟರೆ ನಾವು ಪಿಎಚ್.ಡಿ.ಗೆ ಸೇರಿ ಎಷ್ಟು ವರ್ಷವಾಯಿತೆಂದು ಊರಿಗೆಲ್ಲ ಡಂಗುರ ಹೊಡೆದಂತೆ. ನನಗೆ ಐದು ವರ್ಷ ಮುಗಿದು ಆರನೆಯದು ನಡೆಯುತ್ತಿದೆ. ಫೆಲೋಶಿಪ್ ನಿಂತಿದೆ. "ಯಾವಾಗ ಸಬ್ಮಿಟ್ ಮಾಡ್ತೀಯ?" ಎಂಬ ಪ್ರಶ್ನೆಯನ್ನು ಈಗ ಮೆಸ್ಸಿನ ಅಡುಗೆಯವರೂ ಕೇಳುತ್ತಾರೆ. ಹಾಗಾಗಿ ಏನೂ ಬರೆಯದ ಚೀಲವೊಂದು ಬೇಕೆನಿಸಿ, ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ 80 ರೂಪಾಯಿ ಕೊಟ್ಟು ಒಂದು ಬೋಳು ಕ್ಯಾನ್ವಾಸ್ ಚೀಲ ತಂದೆ. ಗೋಧಿ ಬಣ್ಣ, ಎರಡು ಹಿಡಿಕೆ, ಜಿಪ್ಪಿಲ್ಲ, ಒಳಜೇಬಿಲ್ಲ.

ಎರಡನೇ ವಾರಕ್ಕೇ ಅದರೊಳಗೆ ಪೆನ್ನು ಕಕ್ಕಿತು. ಮುಂಭಾಗದಲ್ಲಿ ಅಂಗೈಯಗಲದ ನೀಲಿ ಕಲೆ. ನಿಂಬೆಹಣ್ಣು, ಸೋಡಾಪುಡಿ, ಟೂತ್‌ಪೇಸ್ಟ್ ಎಲ್ಲ ಹಚ್ಚಿ ಉಜ್ಜಿದ ಮೇಲೆ ಕಲೆ ಇನ್ನಷ್ಟು ಅಗಲವಾಯಿತು. ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಮಾತು: "ಚೀಲ ಗಟ್ಟಿ ಇದ್ಯಾ?"

"ಗಟ್ಟಿ ಇದೆ."

"ಹಾಗಾದ್ರೆ ಎಸೀಬೇಡ. ಅದಕ್ಕೊಂದು ಅಂಗಿ ಹಾಕು."

ಅಂಗಿ ಎಂದರೆ ಕ್ರೋಶಾ ಕವರು. ನಮ್ಮ ಮನೆಯಲ್ಲಿ ಅಂಗಿ ಇಲ್ಲದ ವಸ್ತುವೇ ಇರಲಿಲ್ಲ. ಟಿ.ವಿ.ಗೆ ಅಂಗಿ, ಮಿಕ್ಸಿಗೆ ಅಂಗಿ, ಫ್ರಿಜ್ಜಿನ ಹಿಡಿಕೆಗೆ ತೋಳಿನಂಥ ಅಂಗಿ, ನೀರಿನ ಹೂಜಿಯ ಬಾಯಿಗೆ ಮಣಿ ಕಟ್ಟಿದ ಟೋಪಿ. ಬಾಗಿಲಿಗೆ ತೋರಣ, ದೇವರ ಮಣೆಗೆ ಹಾಸು. ಎಂಟನೇ ತರಗತಿಗೆ ಬರುವ ಹೊತ್ತಿಗೆ ನನಗೆ ಇದೆಲ್ಲ ನಾಚಿಕೆಯ ವಿಷಯವಾಗಿತ್ತು. ಗೆಳತಿಯರು ಮನೆಗೆ ಬರುವ ಮುಂಚೆ ಫ್ರಿಜ್ಜಿನ ತೋಳನ್ನು ಎಳೆದು ತೆಗೆದು ಅಡಗಿಸಿಟ್ಟದ್ದುಂಟು. ಹಾಸ್ಟೆಲಿಗೆ ಹೊರಟಾಗ ಅಮ್ಮ ಕೊಟ್ಟ ದಿಂಬಿನ ಕವರನ್ನು ಟ್ರಂಕಿನ ತಳಕ್ಕೆ ಸೇರಿಸಿದವಳು ಮತ್ತೆ ಮೇಲೆತ್ತಲಿಲ್ಲ.

ಮೂರು ವರ್ಷದಿಂದ ಅಮ್ಮ ಹೆಣೆಯುತ್ತಿಲ್ಲ. ಹೆಬ್ಬೆರಳ ಬುಡದಲ್ಲಿ ನೋವು, ಕಡ್ಡಿ ಹಿಡಿದರೆ ಹತ್ತು ನಿಮಿಷಕ್ಕೆ ಬೆರಳು ಸೆಟೆದುಕೊಳ್ಳುತ್ತದೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಕಡ್ಡಿಗಳ ಡಬ್ಬಿಯನ್ನು ನನ್ನ ಬ್ಯಾಗಿಗೆ ಹಾಕಿ, "ನಿನ್ನ ಹತ್ರ ಇರ್ಲಿ, ಇಲ್ಲಿ ತುಕ್ಕು ಹಿಡೀತದೆ" ಎಂದಿದ್ದರು. ಡಬ್ಬಿ ನನ್ನ ಮೇಜಿನ ಮೇಲೆ ಪೆನ್ನುಗಳ ಪಕ್ಕದಲ್ಲೇ ಇತ್ತು. ಕಲೆಯಾದ ಚೀಲವೂ ಎದುರಿಗಿತ್ತು. ಬರೆಯಬೇಕಾಗಿದ್ದ ಮೂರನೇ ಅಧ್ಯಾಯವೂ ಇತ್ತು. ಅಧ್ಯಾಯಕ್ಕಿಂತ ಚೀಲ ಸುಲಭವೆನಿಸಿತು.

ಸುಲಭವಾಗಿರಲಿಲ್ಲ. ಮೊದಲು ನಮ್ಮ ಪೀಳಿಗೆಯವರೆಲ್ಲ ಮಾಡುವಂತೆ ಯೂಟ್ಯೂಬ್ ತೆರೆದೆ. ಒಂದು ವೀಡಿಯೊ ನೋಡಿ ಶುರು ಮಾಡಿ, ಇನ್ನೊಂದು ನೋಡಿ ಮುಂದುವರಿಸಿದೆ. ನಾಲ್ಕು ಸಾಲಾಗುವಷ್ಟರಲ್ಲಿ ಹೆಣಿಗೆ ಹಪ್ಪಳದಂತೆ ಅಂಚಿನಲ್ಲಿ ಮುದುರಿತು. ಆಮೇಲೆ ಗೊತ್ತಾಯಿತು, ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುವುದನ್ನು ಬ್ರಿಟಿಷರು ಡಬಲ್ ಕ್ರೋಶೆ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್. ನಾನು ಅರ್ಧ ಚೀಲವನ್ನು ಅಮೆರಿಕದಲ್ಲೂ ಅರ್ಧವನ್ನು ಇಂಗ್ಲೆಂಡಿನಲ್ಲೂ ಹೆಣೆದಿದ್ದೆ.

ಅಮ್ಮನ ಭಾಷೆಯಲ್ಲಿ ಈ ಜಗಳವಿಲ್ಲ. ಅವರಿಗೆ ಇರುವುದು ಸರಪಳಿ, ಅರ್ಧ ಕಂಬ, ಕಂಬ, ಉದ್ದ ಕಂಬ. ಕಡ್ಡಿಯ ಮೇಲೆ ದಾರ ಸುತ್ತಿ, ಕೆಳಗಿನ ಸಾಲಿನ ಮನೆಯೊಳಗೆ ತೂರಿಸಿ, ದಾರ ಎಳೆದು, ಎರಡೆರಡು ಕುಣಿಕೆಯನ್ನು ಎರಡು ಸಲ ದಾಟಿಸಿದರೆ ಒಂದು ಕಂಬ. ಯಾವ ಹೊತ್ತಿನಲ್ಲೂ ಕಡ್ಡಿಯ ಮೇಲೆ ಜೀವಂತವಾಗಿ ಉಳಿಯುವುದು ಒಂದೇ ಕುಣಿಕೆ. ಸ್ವೆಟರ್ ಹೆಣಿಗೆಯಲ್ಲಿ ಇಡೀ ಸಾಲು ಕಡ್ಡಿಯ ಮೇಲಿರುತ್ತದೆ, ಒಂದು ಜಾರಿದರೆ ಕೆಳಗಿನವರೆಗೂ ಏಣಿ ಬೀಳುತ್ತದೆ. ಕ್ರೋಶಾದಲ್ಲಿ ಆ ಭಯವಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೆ ಎಲ್ಲಿದ್ದೆವೋ ಅಲ್ಲಿಗೇ ಬಿಟ್ಟು ಓಡಬಹುದು. ಆದರೆ ಆ ಒಂದು ಕುಣಿಕೆ ಕಳಚಿ ದಾರದ ತುದಿ ಎಳೆದರೆ ವಾರದ ಕೆಲಸ ಎರಡು ನಿಮಿಷದಲ್ಲಿ ಮತ್ತೆ ಉಂಡೆಯಾಗುತ್ತದೆ.

ವೀಡಿಯೊ ಕಾಲಿನಲ್ಲಿ ಅಮ್ಮ ಪಾಠ ಶುರು ಮಾಡಿದರು. ಮೊದಲ ಪಾಠ: ನೇರವಾಗಿ ಚೀಲಕ್ಕೆ ಕೈ ಹಾಕಬಾರದು. ಅಂಗೈಯಗಲದ ತುಂಡೊಂದನ್ನು ಹೆಣೆದು, ಹತ್ತು ಸೆಂಟಿಮೀಟರಿಗೆ ಎಷ್ಟು ಕಂಬ, ಎಷ್ಟು ಸಾಲು ಬರುತ್ತದೆಂದು ಎಣಿಸಬೇಕು. ಒಬ್ಬೊಬ್ಬರ ಕೈಬಿಗಿ ಒಂದೊಂದು ಥರ, ಅದೇ ದಾರ ಅದೇ ಕಡ್ಡಿಯಲ್ಲೂ ಅಳತೆ ಬೇರೆ ಬರುತ್ತದೆ. ನನ್ನ ಕೈಗೆ ಹತ್ತು ಸೆಂಟಿಮೀಟರಿಗೆ 18 ಕಂಬ, 9 ಸಾಲು ಬಂತು. ಚೀಲದ ಸುತ್ತಳತೆ 72 ಸೆಂಟಿಮೀಟರ್. 130 ಕಂಬ ಬೇಕೆಂದು ಲೆಕ್ಕ ಹಾಕಿದೆ. ಅಮ್ಮ ನಾಲ್ಕು ಕಳೆದರು. "ಹತ್ತಿ ದಾರ ಜಗ್ಗುತ್ತೆ. ಅಂಗಿ ಚೀಲಕ್ಕಿಂತ ಒಂದು ಚೂರು ಬಿಗಿ ಇರ್ಬೇಕು. ಸಡಿಲ ಇದ್ರೆ ಒಗೆದ ಮೇಲೆ ಜೋಲು ಬೀಳುತ್ತೆ." ಹಾಗೆ ತಳದಲ್ಲಿ 63 ಸರಪಳಿ, ಅದರ ಎರಡೂ ಬದಿಗೆ ಕಂಬ ಹಾಕುತ್ತ ಸುತ್ತಿ ಬಂದರೆ 126. ದಿಂಬಿನ ಗವಸಿನಂತೆ ಸುತ್ತುತ್ತ 34 ಸಾಲು ಮೇಲೇರಬೇಕು.

"ಇಷ್ಟೆಲ್ಲ ಮಾಡೋ ಬದಲು ಚೀಲವನ್ನೇ ಕ್ರೋಶಾದಲ್ಲಿ ಮಾಡಬಹುದಲ್ಲ?" ಎಂದೆ.

"ಮಾಡು. ನಾಲ್ಕು ಪುಸ್ತಕ ಹಾಕಿದ ದಿವಸ ಮೊಣಕಾಲಿಗೆ ಬರುತ್ತೆ."

ಆಗ ಅರ್ಥವಾಯಿತು. ಕ್ರೋಶಾ ಎಂದರೆ ತೂತುಗಳನ್ನು ಜೋಡಿಸಿ ಮಾಡಿದ ಬಟ್ಟೆ. ಭಾರ ಬಿದ್ದರೆ ಹಿಗ್ಗುತ್ತದೆ, ಪೆನ್ನು ತೂರಿಕೊಂಡು ಹೊರಗೆ ಬರುತ್ತದೆ. ಭಾರ ಹೊರಲು ಒಳಗೆ ಈ ಬೋಳು ಚೀಲವೇ ಬೇಕು. ಹೊರಗಿನದು ನೋಡುವವರಿಗೆ.

ಸಂಶೋಧನೆಯವರಿಗೆ ಎಲ್ಲವನ್ನೂ ದಾಖಲಿಸುವ ಚಟ. ಕ್ಷೇತ್ರಕಾರ್ಯದ ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಪ್ರತಿದಿನ ಎಷ್ಟು ಹೊತ್ತು ಹೆಣೆದೆ ಎಂದು ಬರೆಯತೊಡಗಿದೆ. ಬಿಚ್ಚಿ ಮತ್ತೆ ಹಾಕಿದ ಹೊತ್ತೂ ಸೇರಿ ಐದು ವಾರಕ್ಕೆ 31 ಗಂಟೆಯಾಯಿತು. ನೂಲಿಗೆ 450 ರೂಪಾಯಿ. ಅಂಗಿ ಮುಗಿಯಲು ನಾಲ್ಕು ಸಾಲು ಬಾಕಿ ಇದ್ದಾಗ ಪಕ್ಕದ ಕೋಣೆಯ ಗೆಳತಿ ಬಂದು ಅದನ್ನು ಎತ್ತಿ ನೋಡಿ, "ನನಗೂ ಒಂದು ಮಾಡಿಕೊಡೇ, 600 ರೂಪಾಯಿ ಕೊಡ್ತೀನಿ" ಎಂದಳು. ಉದಾರವಾಗಿಯೇ ಹೇಳಿದಳು. ಅವಳು ಹೋದ ಮೇಲೆ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. 600ರಲ್ಲಿ ನೂಲಿನ 450 ಕಳೆದರೆ 150. ಅದನ್ನು 31 ಗಂಟೆಗೆ ಹಂಚಿದರೆ ಗಂಟೆಗೆ ಐದು ರೂಪಾಯಿಗೂ ಕಡಿಮೆ.

ಇಲ್ಲಿ ನನ್ನ ಸಂಶೋಧನೆಯ ವಿಷಯ ಹೇಳಬೇಕು. ಕರಾವಳಿಯಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸರ ದುಡಿಮೆ ನನ್ನ ವಿಷಯ. ಸಾವಿರ ಬೀಡಿಗೆ ಎಷ್ಟು ಕೂಲಿ, ಅಷ್ಟು ಕಟ್ಟಲು ಎಷ್ಟು ಹೊತ್ತು, ಸರಿಯಿಲ್ಲವೆಂದು ವಾಪಸು ಬಂದದ್ದೆಷ್ಟು, ಇಂಥ 42 ಪ್ರಶ್ನೆಗಳ ಪಟ್ಟಿ ಹಿಡಿದು ನಾನು ಊರೂರು ತಿರುಗಿದವಳು. 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದೇ ಗುರುತಿಸಿತ್ತು. ಆ ಒಂದು ಮಾತಿನ ಮೇಲೆ ನನ್ನ ಎರಡನೇ ಅಧ್ಯಾಯವೇ ನಿಂತಿದೆ. ಆ ಅಧ್ಯಾಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವ ಪುಸ್ತಕ ಮರಿಯಾ ಮೀಸ್ ಅವರ 'ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್'. 1982ರಲ್ಲಿ ಬಂದದ್ದು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಸುತ್ತಮುತ್ತ ಮನೆಯಲ್ಲಿ ಕೂತು ಲೇಸ್ ಮಾಡುವ ಹೆಂಗಸರ ಅಧ್ಯಯನ. ಅವರ ಕೈಕೆಲಸ ಹೊರದೇಶದ ಮಾರುಕಟ್ಟೆಗೆ ಹೋಗುತ್ತಿತ್ತು, ವ್ಯಾಪಾರಿಗಳು ಬೆಳೆದರು. ಹೆಣೆದವರು ಮಾತ್ರ ಎಲ್ಲರ ಕಣ್ಣಿಗೂ, ತಮ್ಮ ಕಣ್ಣಿಗೂ, ಬಿಡುವಿನ ವೇಳೆ ಕಳೆಯುವ ಗೃಹಿಣಿಯರಾಗಿಯೇ ಉಳಿದರು.

ನಾಲ್ಕು ವರ್ಷ ಆ ಪುಸ್ತಕವನ್ನು ಉಲ್ಲೇಖಿಸಿದ್ದೇನೆ. ಲೇಸ್ ಎಂದಾಗಲೆಲ್ಲ ನನ್ನ ತಲೆಯಲ್ಲಿದ್ದದ್ದು ಲಂಗದ ಅಂಚಿಗೆ ಹಚ್ಚುವ, ಅಂಗಡಿಯಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುವ ಪಟ್ಟಿ. ನರಸಾಪುರದ ಲೇಸ್ ಎಂದರೆ ಕ್ರೋಶಾ. 19ನೇ ಶತಮಾನದಲ್ಲಿ ಮಿಶನರಿಗಳು ಅಲ್ಲಿಗೆ ತಂದದ್ದು. 1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನ ಬಡ ಹೆಂಗಸರು ಹೊಟ್ಟೆಪಾಡಿಗೆ ಕಲಿತದ್ದೂ ಇದೇ ಕ್ರೋಶಾ ಲೇಸನ್ನು. ಪುಸ್ತಕದಲ್ಲಿ ಅದು ಸ್ಪಷ್ಟವಾಗಿಯೇ ಇದೆ. ನಾನೂ ಓದಿದ್ದೆ, ಅಡಿಗೆರೆ ಕೂಡ ಎಳೆದಿದ್ದೆ. ಆದರೆ ಅದು ನಮ್ಮ ಫ್ರಿಜ್ಜಿನ ಹಿಡಿಕೆಯ ಮೇಲಿದ್ದ ವಸ್ತುವೇ ಎಂದು ಆ ರಾತ್ರಿ, ಕೈಯಲ್ಲಿ ಅಮ್ಮನ ಕಡ್ಡಿ ಹಿಡಿದು ಕೂತಾಗ ಮೊದಲ ಸಲ ಹೊಳೆಯಿತು.

ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ತಿಂಗಳಿಗೊಮ್ಮೆ ಪೇಟೆಯಿಂದ ಒಬ್ಬರು ಹೆಂಗಸು ಮನೆಗೆ ಬರುತ್ತಿದ್ದರು. ದಾರದ ಉಂಡೆಗಳನ್ನು ಕೊಟ್ಟು ತೋರಣ, ಟೇಬಲ್ ಕ್ಲಾತುಗಳನ್ನು ಒಯ್ಯುತ್ತಿದ್ದರು. ಅವರು ಬಂದಾಗ ಅಮ್ಮ ಒಳಗಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ನನಗೆ ಅವರು ತರುತ್ತಿದ್ದ ಚಕ್ಕುಲಿಯ ನೆನಪು ಮಾತ್ರ ಉಳಿದಿತ್ತು. ಅರ್ಜಿ ನಮೂನೆಗಳಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ನಾನು ಪ್ರತಿ ಸಲ ಗೃಹಿಣಿ ಎಂದೇ ಬರೆದಿದ್ದೇನೆ. ಫೆಲೋಶಿಪ್ಪಿನ ಅರ್ಜಿಯಲ್ಲೂ ಹಾಗೇ ಬರೆದಿದ್ದೆ.

ಮರುದಿನ ಅಮ್ಮನಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಒಂದು ತೋರಣಕ್ಕೆ ಎಷ್ಟು ಕೊಡುತ್ತಿದ್ದರು? ದಾರ ಯಾರದು? ಎಷ್ಟು ದಿನ ಹಿಡಿಯುತ್ತಿತ್ತು?

ಅಮ್ಮ ನಕ್ಕರು. "ನಿನ್ನ ಬೀಡಿ ಹೆಂಗಸರಿಗೆ ಕೇಳೋ ಪ್ರಶ್ನೆನಾ ಇದು?"

"ಹೌದು."

"ಬಾಗಿಲ ತೋರಣಕ್ಕೆ 45 ರೂಪಾಯಿ. ದಾರ ಅವರದೇ. ಮೂರು ಮಧ್ಯಾಹ್ನ ಬೇಕಿತ್ತು. ದಿವಸಕ್ಕೆ ಮೂರು ಗಂಟೆ ಅಂತ ಇಟ್ಕೋ. ಎಣ್ಣೆ ಕೈ ತಾಗಿದ್ರೆ ಐದು ರೂಪಾಯಿ ಹಿಡೀತಿದ್ರು."

"ದುಡ್ಡು ಏನು ಮಾಡ್ತಿದ್ದೆ?"

"ಏನು ಮಾಡ್ತೀನಿ, ನಿನ್ನ ಇಂಗ್ಲಿಷ್ ಟ್ಯೂಶನ್ನಿಗೆ ಕಟ್ಟಿದ್ದು ಅದನ್ನೇ. ಅಪ್ಪ ಬೇಡ ಅಂದಿದ್ರಲ್ಲ, ಶಾಲೆಲಿ ಹೇಳ್ಕೊಡ್ತಾರೆ ಸಾಕು ಅಂತ."

ಮರಿಯಾ ಮೀಸ್ ಅವರ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದುವಷ್ಟು ನಾನು ಕಲಿತದ್ದು ಎಲ್ಲಿಂದ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ. ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ. ಆಮೇಲೆ ಸಂಶೋಧಕಿಯ ಬುದ್ಧಿ ಬಿಡದೆ ಲೆಕ್ಕ ಹೇಳಿದೆ. ಒಂಬತ್ತು ಗಂಟೆಗೆ 45 ರೂಪಾಯಿ ಎಂದರೆ ಗಂಟೆಗೆ ಐದು. ಇಷ್ಟು ವರ್ಷದ ಮೇಲೆ ಇವತ್ತು ನನ್ನ ಚೀಲಕ್ಕೂ ಅಷ್ಟೂ ಗಿಟ್ಟುವುದಿಲ್ಲ. ನಿನಗೆ ಅನ್ಯಾಯವಾಗಿದೆ ಅಮ್ಮ, ಅದು ಟೈಂಪಾಸ್ ಅಲ್ಲ, ದುಡಿಮೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ ಎಂದೆಲ್ಲ ಹೇಳುತ್ತಲೇ ಹೋದೆ. ಅಮ್ಮ ಸಮಾಧಾನಪಡುತ್ತಾರೆ, ಕಡೇಪಕ್ಷ ಮಗಳಿಗಾದರೂ ಅರ್ಥವಾಯಿತಲ್ಲ ಎನ್ನುತ್ತಾರೆ ಎಂದು ಒಳಗೊಳಗೇ ಕಾದಿದ್ದೆ.

"ಅಷ್ಟು ಕಡಿಮೆನಾ?" ಎಂದರು. ಧ್ವನಿ ಸಣ್ಣದಾಗಿತ್ತು. ನನಗೆ ಹೇಳಬಾರದಿತ್ತು ಎನಿಸಿತು.

ಒಂದು ಗಳಿಗೆ ಬಿಟ್ಟು ಅವರೇ ಮುಂದುವರಿಸಿದರು. "ಅದು ಸರಿ. ಅವರು ಇನ್ನೂ ಹತ್ತು ರೂಪಾಯಿ ಜಾಸ್ತಿ ಕೊಡಬಹುದಿತ್ತು, ನಾನೂ ಕೇಳ್ಬಹುದಿತ್ತು. ಆದ್ರೆ ಒಂದು ಹೇಳ್ತೀನಿ ಕೇಳು. ನಮ್ಮನೇಲಿ ಒಂಬತ್ತು ಜನ. ಬೆಳಗ್ಗೆಯಿಂದ ರಾತ್ರಿ ತನಕ ಯಾರಾದ್ರೂ ನನ್ನ ಕರೀತಾನೇ ಇರ್ತಿದ್ರು. ಪುಸ್ತಕ ಹಿಡಿದು ಕೂತ್ರೆ ಕರೀತಿದ್ರು, ಮಲಗಿದ್ರೂ ಕರೀತಿದ್ರು. ಕಡ್ಡಿ ಹಿಡಿದಾಗ ಮಾತ್ರ, ಎಣಿಸ್ತಾ ಇದ್ದೀನಿ ತಪ್ಪಿಹೋಗುತ್ತೆ ಅಂದ್ರೆ ನಿಮ್ಮಜ್ಜಿನೂ ಸುಮ್ಮನಾಗ್ತಿದ್ರು. ಎಷ್ಟೋ ಸಲ ನಾನು ಎಣಿಸ್ತಾನೇ ಇರಲಿಲ್ಲ. ಸುಮ್ಮನೆ ಕೂತಿರ್ತಿದ್ದೆ. ಅದಕ್ಕೆ ಗಂಟೆಗೆ ಎಷ್ಟು ಹಾಕ್ತೀಯ?"

ನನ್ನ 42 ಪ್ರಶ್ನೆಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ಕೂಲಿಗೆ ಒಂದು ಕಲಂ ಇದೆ, ಹೊತ್ತಿಗೆ ಒಂದಿದೆ, ಕೈನೋವು ಬೆನ್ನುನೋವಿಗೆ ಒಂದಿದೆ. ಇಲ್ಲಿ ಒಂದು ವಿಷಯ ಎಚ್ಚರದಿಂದ ಹೇಳಬೇಕು. ಖುಷಿಯಿಂದ ಮಾಡಿದರು ಎಂಬ ಕಾರಣಕ್ಕೆ ಐದು ರೂಪಾಯಿ ನ್ಯಾಯವಾಗುವುದಿಲ್ಲ. ನರಸಾಪುರದಲ್ಲೂ ನಮ್ಮೂರಲ್ಲೂ ಕೂಲಿ ತಗ್ಗಿಸುವವರು ಮೊದಲು ಹೇಳುವ ಮಾತೇ ಅದು, ಬಿಡುವಿನಲ್ಲಿ ಖುಷಿಗೆ ಮಾಡ್ತಾರೆ ಎಂದು. ಆದರೆ ನ್ಯಾಯವಲ್ಲ ಎಂದು ಬರೆಯುವ ಅವಸರದಲ್ಲಿ ನಾನು ಅಮ್ಮನ ಮಧ್ಯಾಹ್ನವನ್ನೂ ಕಿತ್ತುಕೊಳ್ಳುತ್ತಿದ್ದೆ. ಎರಡೂ ನಿಜ. ಅಂಥ ಎರಡು ನಿಜಗಳನ್ನು ಒಂದೇ ಪುಟದಲ್ಲಿ ಇಡುವುದು ನನಗಿನ್ನೂ ಬಂದಿಲ್ಲ.

ಆ ರಾತ್ರಿ ಮೂರನೇ ಅಧ್ಯಾಯಕ್ಕೆಂದು ಬರೆದಿಟ್ಟಿದ್ದ ಸಂದರ್ಶನಗಳ ಬರಹರೂಪವನ್ನು ತೆರೆದೆ. ಒಂದು ಕಡೆ ಒಬ್ಬ ಬೀಡಿ ಕಾರ್ಮಿಕರು ಹೇಳುತ್ತಾರೆ, "ಈಗ ಕಟ್ಟು ಎಣಿಸ್ತಾ ಇದ್ದೇನೆ, ಮಾತಾಡಿಸಬೇಡಿ." ಅದರ ಮುಂದೆ ಕಂಸದಲ್ಲಿ ನಾನು 'ಸಂದರ್ಶನಕ್ಕೆ ಅಡಚಣೆ, ನಾಲ್ಕು ನಿಮಿಷ' ಎಂದು ಬರೆದಿದ್ದೇನೆ. ಹುಡುಕುತ್ತ ಹೋದರೆ ಇಂಥವು ಏಳು ಸಿಕ್ಕಿದವು. ಮೂಲ ಧ್ವನಿಮುದ್ರಣಗಳನ್ನು ಹಾಕಿ ಕೇಳಿದೆ. ಒಂದರಲ್ಲಿ ಒಳಗಿನಿಂದ ಒಂದು ಗಂಡಸಿನ ಧ್ವನಿ ಕರೆಯುತ್ತದೆ. ಇವರು ಎಣಿಸ್ತಾ ಇದ್ದೇನೆ ಎನ್ನುತ್ತಾರೆ. ಕರೆ ನಿಲ್ಲುತ್ತದೆ. ಆಮೇಲೆ ಎಣಿಸುವ ಸದ್ದೇ ಇಲ್ಲ. ಕೋಳಿಯ ಕೂಗು, ದೂರದಲ್ಲಿ ಬಸ್ಸಿನ ಹಾರನ್ನು, ಯಾರೋ ನಿಧಾನವಾಗಿ ಉಸಿರಾಡುವುದು. ಅವರು ನಿಜಕ್ಕೂ ಮನಸ್ಸಿನಲ್ಲೇ ಎಣಿಸುತ್ತಿದ್ದಿರಬಹುದು. ಇಲ್ಲದೆಯೂ ಇರಬಹುದು. ಅವರನ್ನೇ ಮತ್ತೆ ಕೇಳಬೇಕು.

ಮಾರ್ಗದರ್ಶಕರಿಗೆ ಹೇಳಿದೆ, ಮತ್ತೊಮ್ಮೆ ಕ್ಷೇತ್ರಕ್ಕೆ ಹೋಗಬೇಕು, ಅಧ್ಯಾಯ ತಡವಾಗುತ್ತದೆ ಎಂದು. ಅವರು ಕನ್ನಡಕದ ಮೇಲಿಂದ ನೋಡಿ, "ಇನ್ನೂ ಎಷ್ಟು ಬಿಚ್ಚುತ್ತೀರಿ ಮಾರಾಯ್ರೇ?" ಎಂದರು. ನಾನು ಹೆಣಿಗೆಯ ವಿಷಯ ಅವರಿಗೆ ಹೇಳಿರಲಿಲ್ಲ. ಹದಿನೈದು ದಿನ ಕೊಟ್ಟಿದ್ದಾರೆ.

ಅಂಗಿ ಮುಗಿಯಿತು. ಬಾಯಂಚನ್ನು ಚೀಲದ ಬಾಯಿಗೆ ಸೂಜಿಯಿಂದ ಹೊಲಿದೆ. ತಳದಲ್ಲಿ ಹೊಲಿಯಲಿಲ್ಲ, ಒಗೆಯಲು ಬಿಚ್ಚುವಾಗ ಸುಲಭವಾಗಲೆಂದು ಅಮ್ಮ ಹೇಳಿದ ಉಪಾಯ ಅದು. ಕಂಬಗಳ ಸಂದಿಯಲ್ಲಿ ಒಳಗಿನ ನೀಲಿ ಕಲೆ ಹತ್ತಿರದಿಂದ ನೋಡಿದರೆ ಈಗಲೂ ಕಾಣುತ್ತದೆ, ದೂರದಿಂದ ಅದು ಬೇಕೆಂದೇ ಮಾಡಿದ ನೆರಳಿನಂತಿದೆ. ಪಕ್ಕದ ಕೋಣೆಯ ಗೆಳತಿಗೆ ನನ್ನ ಲೆಕ್ಕದ ಹಾಳೆ ತೋರಿಸಿದೆ. ಅವಳು ಓದಿ, 600ರ ಮಾತು ಹಿಂತೆಗೆದುಕೊಂಡು, ತಾನೇ ಕಲಿಯುತ್ತೇನೆ ಎಂದಿದ್ದಾಳೆ. ಈಗ ರಾತ್ರಿ ಒಂಬತ್ತಕ್ಕೆ ಬಂದು ಸರಪಳಿ ಹಾಕುತ್ತ ಕೂರುತ್ತಾಳೆ. ಸಬ್ಮಿಶನ್ ಬಗ್ಗೆ ಯಾರಾದರೂ ಕೇಳಲು ಬಂದರೆ ಇಬ್ಬರೂ ತಲೆಯೆತ್ತದೆ, "ತಡಿ, ಎಣಿಸ್ತಾ ಇದ್ದೀವಿ" ಎನ್ನುತ್ತೇವೆ. ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಅನುಭವಿಸಿದವರಿಗೇ ಗೊತ್ತು.

ಅಮ್ಮನಿಗೆ ಫೋಟೊ ಕಳಿಸಿದೆ. ಹೊಗಳಿಕೆ ಬರುತ್ತದೆಂದು ಕಾಯುತ್ತಿದ್ದಾಗ ಫೋನೇ ಬಂತು.

"ಒಂಬತ್ತನೇ ಸಾಲಲ್ಲಿ ಒಂದು ಕಂಬ ಜಾಸ್ತಿ ಬಿದ್ದಿದೆ ನೋಡು. ಅಲ್ಲಿಂದ ಮೇಲೆ ಸೊಟ್ಟ ಹೋಗಿದೆ."

ಕನ್ನಡಿಯೆದುರು ನಿಂತು ನೋಡಿದೆ. ಹೌದು. 34 ಸಾಲು ಮುಗಿಯುವವರೆಗೂ ನನಗೆ ಕಂಡಿರಲಿಲ್ಲ.

"ಬಿಚ್ಚಲಾ?"

"ಛೇ, ಬೇಡ. ಆ ಬದಿನ ಮೈ ಕಡೆ ಹಾಕ್ಕೋ. ಯಾರಿಗೂ ಗೊತ್ತಾಗಲ್ಲ."

ನಾಳೆ ಬೆಳಗಿನ ಬಸ್ಸಿಗೆ ಕರಾವಳಿಗೆ ಹೊರಟಿದ್ದೇನೆ. ಚೀಲದಲ್ಲಿ ಧ್ವನಿಮುದ್ರಕ, ಹಳೆಯ ಪ್ರಶ್ನಾವಳಿ, ಅದರ ಕೊನೆಗೆ ಕೈಯಲ್ಲಿ ಬರೆದು ಸೇರಿಸಿದ 43ನೇ ಪ್ರಶ್ನೆ, ಅರ್ಧ ಉಂಡೆ ದಾರ ಮತ್ತು ಅಮ್ಮನ ಕಡ್ಡಿ. ಸೊಟ್ಟ ಬದಿ ಮೈ ಕಡೆಗಿದೆ.